ಬಿಟ್ಟುಹೋದ ಎತ್ವ

ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಹಿರಿಯಳು ಕಸ್ತೂರಕ್ಕ. ವಾಟ್ಸಾಪ್ ಗುಂಪು ಕಟ್ಟಿ ಅಪ್ಪಣೆ ಹೊರಡಿಸಿದ್ದಳು: "ಹೊರಗ ಹೋದಾಕಿ, ಹೋದಲ್ಲಿ ತಲುಪಿದ ಕೂಡ್ಲೇ 'ಮುಟ್ಟಿದೆ' ಅಂತ ಹಾಕಬೇಕು. ಹಾಕಲಿಲ್ಲಂದ್ರ ನಾವ ಹುಡುಕ್ಕೋತ ಬರ್ತೀವಿ."

ಆ ಭಾನುವಾರ ನೀಲಾಂಬಿಕಾ ತನ್ನ ಪಿಎಚ್.ಡಿ. ಅಧ್ಯಾಯ ತೋರಿಸಲು ಗೈಡ್ ಸರ್ ಮನೆಗೆ ಹೋದಳು. ಬಹಳ ಹೊತ್ತಾದರೂ ಸುದ್ದಿಯಿಲ್ಲ. ಕಸ್ತೂರಕ್ಕ ಹುಡುಕಿಕೊಂಡು ಹೋಗಲು ಚಪ್ಪಲಿ ಮೆಟ್ಟುತ್ತಿದ್ದಾಗ ಗುಂಪಿಗೆ ಮೆಸೇಜು ಬಂತು: "ಮುಟ್ಟಿದ".

ಕಸ್ತೂರಕ್ಕ ಚಪ್ಪಲಿ ಬಿಟ್ಟು ಜೋರಾಗಿ ನಕ್ಕಳು. "ಕನ್ನಡದಾಗ ಡಾಕ್ಟರೇಟ್ ಮಾಡಾಕಿ, ಎತ್ವ ನುಂಗ್ಯಾಳ ನೋಡ್ರೇ!" ಅದನ್ನೇ ಗುಂಪಿಗೂ ಬರೆದಳು. ಒಬ್ಬೊಬ್ಬರಾಗಿ ಎಲ್ಲರೂ ನಗುವ ಮುಖ ಹಾಕಿದರು.

ಸಂಜೆ ಬಂದ ನೀಲಾ ಊಟಕ್ಕೆ ಬರಲಿಲ್ಲ. ಮರುದಿನ ವಿಭಾಗಕ್ಕೂ ಹೋಗಲಿಲ್ಲ. ತಿಂಗಳು ತುಂಬುವುದರೊಳಗೆ ಓದನ್ನೇ ಬಿಟ್ಟಳು.

ಊರಿಗೆ ಹೊರಟವಳನ್ನು ಕಳಿಸಲು ಕಸ್ತೂರಕ್ಕ ಬಸ್ ಸ್ಟ್ಯಾಂಡಿಗೆ ಬಂದಳು. ಅವಳ ಟ್ರಂಕಿನ ಪಕ್ಕ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಏನಾತ ನೀಲಾ? ಯಾರರ ಏನರ ಮಾಡಿದ್ರೇನ? ಒಂದ ಮಾತು ಹೇಳಿದ್ರ ಇಡೀ ಹಾಸ್ಟೆಲ್ ನಿನ್ನ ಬೆನ್ನಿಗೆ ನಿಲ್ತಿತ್ತಲ್ಲ."

"ಒಂದ ಮಾತು ಹೇಳಿದ್ನಲ್ಲಕ್ಕಾ."

"ನನಗ? ಯಾವಾಗ?"

"ನಿನಗಷ್ಟ ಅಲ್ಲ, ಎಲ್ಲಾರಿಗೂ ಹೇಳಿದ್ದೆ. ಎಲ್ಲಾರೂ ನಕ್ರಿ."

ಕಸ್ತೂರಕ್ಕನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ನೀಲಾ ಟ್ರಂಕು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲಲ್ಲಿ ನಿಂತು ಒಮ್ಮೆ ತಿರುಗಿದಳು.

"ಅವತ್ತ ನಾ ಎತ್ವ ನುಂಗಿರಲಿಲ್ಲಕ್ಕಾ."