ಆರದ ದೀಪ

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಶಾವಂತ್ರವ್ವ ಕೂತಲ್ಲಿಂದಲೇ ಕೂಗಿದಳು: "ಮೊದಲ ದೀಪ ಇಳಿಬಿಡ್ರಿ! ಆರಿದ್ರ ಒಳಗ ಕಾಲ ಇಡಬ್ಯಾಡ್ರಿ!"

ಅಂಗಳದಲ್ಲಿ ಅವಳ ಗಂಡ ಜೋಳದ ಹಗೇವಿನ ಬಾಯಿ ತೆರೆದಿದ್ದ. ನೆಲದಡಿಯ ಆ ಕಣಜದಲ್ಲಿ ಕಾಳೂ ಉಸಿರಾಡುತ್ತದೆ, ಇದ್ದ ಗಾಳಿಯನ್ನೆಲ್ಲ ಕೆಡಿಸಿರುತ್ತದೆ. ದೀಪ ಆರುವ ಕಡೆ ಮನುಷ್ಯನ ರಕ್ತಕ್ಕೂ ಪ್ರಾಣವಾಯು ಸಿಗುವುದಿಲ್ಲ. ಅವಳ ಅಪ್ಪ ಸತ್ತದ್ದೇ ಹಾಗೆ.

"ದೀಪ ಬಿಡೋ ತಮ್ಮಾ, ಇಲ್ಲಂದ್ರ ಇಕಿ ಇವತ್ತ ರೊಟ್ಟಿ ಹಾಕಂಗಿಲ್ಲ," ಎಂದು ಗಂಡ ನಕ್ಕ.

ಮೈದುನ ದೀಪ ತಂದು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ.

"ಆರೇತೇನು?"

"ಇಲ್ಲ ವೈನಿ, ತಳದಾಗ ಹಾಡೇಹಗಲಿನಂಗ ಬೆಳಕೈತಿ!"

ಅವಳ ಎದೆ ಹಗುರಾಯಿತು. ಗಂಡ ಇಳಿದ ಸದ್ದು ಕೇಳಿಸಿತು. ಕೆಳಗಿನಿಂದ ಅವಳನ್ನೇ ಏನೋ ಅಣಕಿಸಿದ. ಆಮೇಲೆ ಮಾತಿಲ್ಲ.

"ಅಣ್ಣಾ! ಯಣ್ಣಾ!" ಎಂದು ಮೈದುನ ಅರಚುತ್ತಿದ್ದ.

ಅವಳು ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಜನಾ ಕರಿಯೋ! ದೀಪ ಯಾವಾಗ ಆರಿತೋ ಮೂಳಾ?"

"ಅದು ಆರೂದಿಲ್ಲ ವೈನಿ, ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ನಿ."