ಒಣಹಳ್ಳಕ್ಕೆ ನೀರು ಬಂದ ಮಧ್ಯಾಹ್ನ

ಒಣಹಳ್ಳದ ಮರಳು ಸಣ್ಣಗೆ ನಡುಗುತ್ತಿತ್ತು. ಡೆಲ್ಫೀನಾ ಅಂಗೈ ಒತ್ತಿ ಇನ್ನೊಮ್ಮೆ ಖಾತ್ರಿ ಮಾಡಿಕೊಂಡಳು. ನೆತ್ತಿಯ ಮೇಲೆ ಮೋಡದ ಚೂರೂ ಇರಲಿಲ್ಲ. ಆದರೆ ಒಂದು ಗಂಟೆಯ ಹಿಂದೆ ದೂರದ ಬಾಬೋಕಿವಾರಿ ಬೆಟ್ಟ ಮಳೆಯಲ್ಲಿ ಮರೆಯಾದದ್ದನ್ನು ಅವಳು ಕಂಡಿದ್ದಳು.

"ಬಿಸಿಲು ತಲೆಗೇರಿದೆ ನಿಂಗೆ," ದಡದ ಮೇಲಿಂದ ಅಣ್ಣ ನಾರ್ಬರ್ಟ್ ಅಂದ. "ತಾತ ಹೋದ್ಮೇಲೆ ಈ ಹೊಲಕ್ಕೆ ಯಾರೂ ನೀರು ತಿರುಗಿಸಿಲ್ಲ. ನಿನ್ನ ಪುರಲೆ ಕಟ್ಟೆ ತಿರುಗಿಸುತ್ತಾ?" ಜೂನ್ ಪೂರ್ತಿ ಅವಳೊಬ್ಬಳೇ ಮೆಸ್ಕೀಟ್ ಮುಳ್ಳುಕೊಂಬೆ ಹೆಣೆದು ಹಳ್ಳಕ್ಕೆ ಅಡ್ಡ ಕಟ್ಟೆ ಕಟ್ಟಿದ್ದಳು. ಅವನು ಟ್ರಕ್ಕಿನ ನೆರಳಲ್ಲಿ ಕೂತು ನಕ್ಕಿದ್ದ.

"ಸುಮ್ನಿದ್ದು ಕೇಳಿಸ್ಕೋ," ಎನ್ನುತ್ತ ಅವಳು ದಡ ಹತ್ತಿದಳು. ತಿರುವಿನಾಚೆ ಗುಡುಗಿನಂಥ ಸದ್ದು. ನೊರೆ, ಕಸಕಡ್ಡಿ, ಮೊಲದ ಹಿಕ್ಕೆ ಹೊತ್ತ ಕೆನ್ನೀರು ನುಗ್ಗಿ ಬಂದು ಕಟ್ಟೆಗೆ ಬಡಿಯಿತು. ಕಟ್ಟೆ ಬಾಗಿತು, ನಿಂತಿತು. ಆಮೇಲೆ ನಡುವೆ ಮಾರುದ್ದ ಕಿತ್ತುಹೋಯಿತು. ವರ್ಷಕ್ಕೊಮ್ಮೆ ಬರುವ ನೀರೆಲ್ಲ ಆ ಕಿಂಡಿಯಲ್ಲಿ ಓಡತೊಡಗಿತು. ಅವಳು ಗುದ್ದಲಿ ಹಿಡಿಯುವಷ್ಟರಲ್ಲಿ ನಾರ್ಬರ್ಟ್ ಬೂಟು ಸಮೇತ ಜಾರಿ ಇಳಿದು, ಮೊಣಕಾಲುದ್ದ ನೀರಲ್ಲಿ ಕಿಂಡಿಗೆ ಬೆನ್ನು ಕೊಟ್ಟು ಕೂತುಬಿಟ್ಟ. "ಏನ್ ನೋಡ್ತಾ ನಿಂತಿದೀಯ? ಕೊಂಬೆ ಕೊಡು. ಕಲ್ಲು ಕೊಡು."

ಅವಳು ಎಳೆದೆಳೆದು ಕೊಟ್ಟಳು, ಅವನು ತುರುಕಿದ. ಇಬ್ಬರ ಕೈಯಲ್ಲೂ ಮುಳ್ಳುಗೀರಿನ ರಕ್ತ. ನೀರು ಸುತ್ತು ಹಾಕಿತು, ಏರಿತು, ಕೊನೆಗೆ ಪಕ್ಕಕ್ಕೆ ಹೊರಳಿ ಬಿರುಕುಬಿಟ್ಟ ಹೊಲದೊಳಗೆ ಚುಸ್ಸೆನ್ನುತ್ತ ಹರಿಯಿತು.

ನಾರ್ಬರ್ಟ್ ಮುಖದ ಕೆಸರು ಒರೆಸಿಕೊಂಡು ಗದರಿದ: "ಇನ್ನೊಂದು ಮೊಳ ಎತ್ತರ ಕಟ್ಬೇಕಿತ್ತು ಕಣೆ, ನಾವು."