ನುಂಗಿದ ಕೆಮ್ಮು

ಆ ವಾರ ಒಂದನೆಯ ಇಯತ್ತೆಯ ಮಕ್ಕಳು ಅಕ್ಷರಕ್ಕಿಂತ ಮೊದಲು ಕೆಮ್ಮುವುದನ್ನು ಕಲಿತರು. ಕಲಿಸಿದವಳು ನರ್ಸ್ ತ್ರಿಶಲಾ ಎಂದೇ ಹೇಳಬೇಕು. ಪುಣೆಯ ಕಡೆಯಿಂದ ಹಂದಿಜ್ವರ ಇಳಿದು ಬರುತ್ತಿದೆ, ಕೆಮ್ಮುವ ಮಕ್ಕಳಿಗೆ ಚೀಟಿ ಬರೆದು ಏಳು ದಿನ ಮನೆಗೆ ಕಳಿಸಿ ಎಂದು ಗೋಕಾಕದಿಂದ ಹುಕುಂ ಬಂದಿತ್ತು. ಕಲ್ಲೋಳಿಯ ಆಚೆ, ಕಬ್ಬಿನ ನಡುವೆ ಇದ್ದ ತೋಟದ ಶಾಲೆಗೆ ಅವಳು ದಿನಾ ಬೆಳಿಗ್ಗೆ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದಳು. ಮೊದಲ ದಿನ ಒಬ್ಬ ಹುಡುಗ ಕೆಮ್ಮಿದ, ಚೀಟಿ ಹಿಡಿದು ಮನೆಗೆ ಹೋದ. ಮರುದಿನ ಹದಿನಾಲ್ಕು ಮಂದಿ ಕೆಮ್ಮಿದರು. ಅದರಲ್ಲೂ ಆರು ವರ್ಷದ ಹಣಮಂತ ಕೆಮ್ಮಿದ್ದನ್ನು ಕೇಳಿದರೆ, ಐವತ್ತು ವರ್ಷ ಬೀಡಿ ಸೇದಿದವನು ಅನ್ನಬೇಕು.

ತ್ರಿಶಲಾ ಯಾರನ್ನೂ ಬೈಯಲಿಲ್ಲ, ಚೀಟಿಯನ್ನೂ ಬರೆಯಲಿಲ್ಲ. ಮೂರನೆಯ ದಿನ ಒಂದು ಚರಿಗೆ ತುಂಬ ಕಹಿ ಕಷಾಯ ಕಾಸಿಕೊಂಡು ಬಂದಳು. ಕೆಮ್ಮಿದವರಿಗೆ ಮೊದಲು ಒಂದು ಲೋಟ ಇದು, ಆಮೇಲೆ ಚೀಟಿ ಎಂದಳು. ಹಣಮಂತ ಒಂದೇ ಗುಟುಕಿಗೆ ಗುಣವಾದ. ಉಳಿದವರು ಅವನ ಮುಖ ನೋಡಿಯೇ ಗುಣವಾದರು.

ಗುಣವಾಗದೆ ಉಳಿದದ್ದು ಅವಳದೇ ಗಂಟಲು. ಎರಡು ದಿನದಿಂದ ಕೆರೆತ, ಸಂಜೆಯಾದರೆ ಮೈ ಬಿಸಿ. ಇಪ್ಪತ್ತೆರಡು ದಿನದಿಂದ ಒಂದು ರಜೆಯಿಲ್ಲ. ಫೋನು ಮಾಡಿ ಕೇಳಿದರೆ, ನಿಮ್ಮ ಬದಲಿಗೆ ಯಾರ್ರಿ ಎಂದು ಮೇಲಿನವರು ಅವಳನ್ನೇ ಕೇಳಿದ್ದರು. ಐದು ತೋಟದ ವಸತಿಗಳಿಗೆ ಇದ್ದವಳು ಅವಳೊಬ್ಬಳೇ. ಹೀಗಾಗಿ ಕೆಮ್ಮು ಬಂದಾಗಲೆಲ್ಲ ಮಾಸ್ಕಿನ ಒಳಗೇ ನುಂಗುತ್ತಿದ್ದಳು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನ ಬಾನಿಗೆ ಬಿತ್ತು ಎನ್ನುವ ಗಾದೆ ಹುಟ್ಟಿದ್ದು ನನ್ನಂಥವರನ್ನು ನೋಡಿಯೇ ಇರಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು.

ಸಾಲಿನ ಕೊನೆಯಲ್ಲಿ ಕೆಂಪವ್ವ ನಿಂತಿದ್ದಳು. ಅಜ್ಜಿಯ ಹೆಸರನ್ನೂ ಅಜ್ಜಿಯ ಗತ್ತನ್ನೂ ಹೊತ್ತ ಹುಡುಗಿ. ಜೂನ್ ತಿಂಗಳು ಪೂರ್ತಿ ಶಾಲೆಯ ಬಾಗಿಲಲ್ಲಿ ಕೂತು ಅತ್ತಿದ್ದವಳು, ಮಾಲಿಂಗಪ್ಪ ಮಾಸ್ತರರು ಗಂಟೆಯ ಬಡಿಗೆಯನ್ನು ಕೈಗೆ ಕೊಟ್ಟ ದಿನದಿಂದ ಎಲ್ಲರಿಗಿಂತ ಮೊದಲು ಬರುತ್ತಿದ್ದಳು. ಇವತ್ತು ಆ ಬಡಿಗೆಯನ್ನು ಬಗಲಲ್ಲಿ ಇಟ್ಟುಕೊಂಡು, ಮೂಗು ಒತ್ತಿ ಹಿಡಿದು, ಕಣ್ಣು ಮುಚ್ಚಿ ಏನನ್ನೋ ನುಂಗಿದಳು. ಕೆನ್ನೆ ಕೆಂಪಾಯಿತು. ಆ ನುಂಗುವಿಕೆ ತ್ರಿಶಲಾಗೆ ಚೆನ್ನಾಗಿ ಗೊತ್ತಿತ್ತು. ಥರ್ಮಾಮೀಟರ್ ಇಟ್ಟಳು. ನೂರಾ ಒಂದು.

ಚೀಟಿ ಬರೆಯತೊಡಗಿದ್ದೇ ಹುಡುಗಿಯ ಗತ್ತು ಕರಗಿತು.

"ನಾ ಮನಿಗಿ ಹ್ವಾದ್ರ ಗಂಟಿ ಯಾರ ಬಾರಸ್ತಾರ್ರಿ?"

"ಯಾರರ ಬಾರಸ್ತಾರವ್ವಾ. ನೀ ಒಬ್ಬಾಕಿ ಇಲ್ಲಂದ್ರ ಸಾಲಿ ನಿಂದ್ರಾಂಗಿಲ್ಲ."

ಮಾತು ಮುಗಿಯುವಷ್ಟರಲ್ಲಿ ತ್ರಿಶಲಾಳ ಗಂಟಲು ಕೆರೆಯಿತು. ನುಂಗಿದಳು. ಕೆಂಪವ್ವ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

"ನರ್ಸ್ ಬಾಯಾರ, ನೀವೂ ನುಂಗಿದ್ರಿ."

"ಇಲ್ಲವ್ವಾ."

"ಖರೆ ನುಂಗಿದ್ರಿ. ಮೂಗ ಹಿಡಕೊಂಡು ನುಂಗಬೇಕ್ರಿ. ನಿಮ್ಮಂಗ ನುಂಗಿದ್ರ ಕಣ್ಣಾಗ ನೀರ ಬರತಾವ."

ಪಕ್ಕದಲ್ಲೇ ಇದ್ದ ಮಾಲಿಂಗಪ್ಪ ಮಾಸ್ತರರು ಸಭ್ಯಸ್ಥರು. ಕೂತಿದ್ದ ಕುರ್ಚಿಯನ್ನು ಮಾತ್ರ ಎರಡು ಮಾರು ಹಿಂದಕ್ಕೆ ಎಳೆದುಕೊಂಡರು. ತ್ರಿಶಲಾಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಬಂತು. ಎರಡು ದಿನದಿಂದ ಇದೇ ಗಂಟಲು ಇಟ್ಟುಕೊಂಡು ಮೂವತ್ತು ಮಕ್ಕಳ ಮುಖದ ಮೇಲೆ ಬಾಗಿದ್ದಳಲ್ಲ. ಅಂಗಳಕ್ಕೆ ಹೋಗಿ ದೂರ ನಿಂತು ಇನ್ನೊಂದು ಚೀಟಿ ಬರೆದಳು. ಹೆಸರು ತ್ರಿಶಲಾ, ಏಳು ದಿನ.

ಅಷ್ಟರಲ್ಲಿ ಕೆಂಪವ್ವ ನೀರಿನ ಟಾಕಿಯ ಹತ್ತಿರ ಕೂತಿದ್ದಳು. ಬಾಯಾರು ಕೈ ತೊಳೆಯಲು ಕಲಿಸಿದ ಹಾಗೆಯೇ ಬಡಿಗೆಗೆ ಸಾಬೂನು ಹಚ್ಚಿ, ಮೇಲೆ ಕೆಳಗೆ ಉಜ್ಜಿ, ತೊಳೆದು ಮೆಟ್ಟಿಲ ಮೇಲೆ ಬಿಸಿಲಿಗೆ ಇಟ್ಟಳು. ಒಣಗಿದ ಮೇಲೆ ತಗೋ, ಬರೇ ಏಳು ದಿನಕ್ಕ ಎಂದು ಹಣಮಂತನಿಗೆ ದೂರದಿಂದಲೇ ತಾಕೀತು ಮಾಡಿದಳು. ಆಮೇಲೆ ತ್ರಿಶಲಾಳ ಹೆಗಲಿನಲ್ಲಿದ್ದ ಔಷಧದ ಚೀಲವನ್ನು ನೋಡಿದಳು.

"ಬಾಯಾರ, ನಿಮ್ಮ ಚೀಲ ಯಾರಿಗಿ ಕೊಡ್ತೀರಿ?"

ತ್ರಿಶಲಾ ಚೀಲವನ್ನು ಹೆಗಲಿನಿಂದ ಇಳಿಸಿ, ಕಲ್ಲೋಳಿಯಿಂದ ಬರುವ ದಾರಿಯತ್ತ ನೋಡಿದಳು. ದಾರಿ ಕಣ್ಣು ಮುಟ್ಟುವವರೆಗೂ ಖಾಲಿಯಿತ್ತು.